ಖಾತೆಗೊಂದು ಕನ್ನಡ

ಕನ್ನಡ ಲಿಪಿಯ ಚರಿತ್ರೆಯನ್ನು ಹೇಳುವವರು ಹಲ್ಮಿಡಿಯ ಶಾಸನದಿಂದ ತೊಡಗಿ, ತಾಳೆಗರಿ, ಅಚ್ಚಿನ ಮೊಳೆ, ಬೆರಳಚ್ಚು ಯಂತ್ರಗಳನ್ನು ದಾಟಿ ಕಂಪ್ಯೂಟರಿಗೆ ಬಂದು ನಿಲ್ಲುವುದು ವಾಡಿಕೆ. ಅಲ್ಲಿಗೆ ಬಂದೊಡನೆ ಕನ್ನಡವೂ ಬಂದಿತೆಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಆದರೆ ಅದು ಮನೆಯ ಕಂಪ್ಯೂಟರಿಗೆ ಹೇಗೆ ಬಂದಿತು, ಒಂದೇ ಮನೆಯಲ್ಲಿ ಯಾರಿಗೆ ಬಂದಿತು, ಯಾರಿಗೆ ಬರಲಿಲ್ಲ ಎಂಬುದು ಬೇರೆಯೇ ಕಥೆ. ಹೈದರಾಬಾದಿನಲ್ಲಿ ನೆಲೆಸಿದ ನಮ್ಮಂಥವರ ಮಟ್ಟಿಗಂತೂ ಅದು ಮರೆಯತಕ್ಕದ್ದಲ್ಲ.

ಮೊದಲಿಗೆ ಒಂದೊಂದು ತಂತ್ರಾಂಶಕ್ಕೆ ಒಂದೊಂದು ಅಕ್ಷರಸಂಕೇತವಿತ್ತು. ಒಂದರಲ್ಲಿ ಬರೆದ ಕಾಗದ ಇನ್ನೊಂದರಲ್ಲಿ ತೆರೆದರೆ ಅರ್ಥವಿಲ್ಲದ ಗೀಚಾಗಿ ಕಾಣುತ್ತಿತ್ತು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂದಿತು. ಆ ಬಳಿಕ ಕನ್ನಡ ಗಣಕ ಪರಿಷತ್ತಿನ 'ನುಡಿ'ಯೂ, ಅದರಲ್ಲಿ ಕೆ. ಪಿ. ರಾಯರ ಕೀಲಿಮಣೆಯೂ ಮನೆಮಾತಾದವು. ಈ ಮಹನೀಯರ ಉಪಕಾರ ದೊಡ್ಡದು. ಆದರೂ ಇವೆಲ್ಲ ಹೊರಗಿನಿಂದ ತಂದು ಹಾಕಿಕೊಳ್ಳುವ ಸಾಧನಗಳು; ಯಂತ್ರಕ್ಕೆ ತಾನಾಗಿ ಕನ್ನಡ ತಿಳಿಯುತ್ತಿರಲಿಲ್ಲ.

ಎಲ್ಲ ಭಾಷೆಗಳಿಗೂ ಒಂದೇ ಸಂಕೇತವೆಂಬ ಯೂನಿಕೋಡ್ 1991ರಲ್ಲಿಯೇ ಪ್ರಕಟವಾಗಿತ್ತು. ಅದರ ಪಟ್ಟಿಯಲ್ಲಿ ತೆಲುಗಿನ ಸಾಲು ಮುಗಿದಲ್ಲಿ ಕನ್ನಡದ ಸಾಲು ಆರಂಭ. ತೆಲುಗಿನ 'ಕ'ಕಾರದಿಂದ ಸರಿಯಾಗಿ 128 ಮನೆ ಮುಂದೆ ಹೋದರೆ ನಮ್ಮ 'ಕ' ಸಿಗುತ್ತದೆ. ಮೈಕ್ರೋಸಾಫ್ಟಿನವರು ಭಾಷೆಗಳಿಗೆ ಕೊಟ್ಟ ಅಂಕೆಗಳಲ್ಲಿಯೂ ತೆಲುಗಿಗೆ 1098, ಕನ್ನಡಕ್ಕೆ 1099. ನೆರೆಹೊರೆಯ ಸಂಬಂಧ ಇಲ್ಲಿಯೂ ಬಿಡಲಿಲ್ಲ! ಆದರೂ ವಿಂಡೋಸ್ 2000ದಲ್ಲಿ ದೇವನಾಗರಿಗೂ ತಮಿಳಿಗೂ ಸ್ಥಾನ ದೊರೆಯಿತು. ಈ ನೆರೆಯವರಿಬ್ಬರೂ ಹೊರಗುಳಿದರು. 2001ರ ಅಕ್ಟೋಬರ್ 25ರಂದು ಬಿಡುಗಡೆಯಾದ ವಿಂಡೋಸ್ ಎಕ್ಸ್‌ಪಿಯಲ್ಲಿ ಇಬ್ಬರೂ ಕೂಡಿಯೇ ಒಳಬಂದರು. ಕನ್ನಡದ ಅಕ್ಷರರೂಪಕ್ಕೆ 'ತುಂಗಾ' ಎಂದೂ ತೆಲುಗಿನದಕ್ಕೆ 'ಗೌತಮಿ' ಎಂದೂ ನದಿಗಳ ಹೆಸರು. ತುಂಗಭದ್ರೆಯ ಸೀಮೆಯಲ್ಲಿ ಹುಟ್ಟಿ ಗೋದಾವರಿಯ ನಾಡಿನಲ್ಲಿ ಬದುಕುವವರಿಗೆ ಇದರಲ್ಲಿ ಸಂತೋಷವಾಗದೆ ಇದ್ದೀತೆ?

ಒಳಬಂದರೂ ಕನ್ನಡ ನಿದ್ದೆಯಲ್ಲಿಯೇ ಇತ್ತು, ಎಬ್ಬಿಸಬೇಕಾಗಿತ್ತು. ಕಂಟ್ರೋಲ್ ಪ್ಯಾನೆಲ್ ತೆರೆದು, 'ರೀಜನಲ್ ಅಂಡ್ ಲ್ಯಾಂಗ್ವೇಜ್ ಆಪ್ಷನ್ಸ್' ಎಂಬಲ್ಲಿ ಎರಡನೆಯ ಪುಟಕ್ಕೆ ಹೋಗಿ, ಸಂಕೀರ್ಣ ಲಿಪಿಗಳಿಗೂ ಬಲದಿಂದ ಎಡಕ್ಕೆ ಬರೆಯುವ ಭಾಷೆಗಳಿಗೂ ಸೇರಿಸಿ ಇಟ್ಟಿದ್ದ ಒಂದು ಚೌಕದಲ್ಲಿ ಗುರುತು ಹಾಕಬೇಕು. ಆ ಒಂದೇ ಗುರುತಿಗೆ ಕನ್ನಡ, ತೆಲುಗು, ಉರ್ದು ಮೂರೂ ಒಟ್ಟಿಗೆ ಏಳುತ್ತಿದ್ದವು. ಈ ನಗರವನ್ನು ಕಂಡವರೇ ಆ ಚೌಕವನ್ನು ಮಾಡಿದರೋ ಎಂದು ನಮಗೆ ಅನಿಸಿದ್ದುಂಟು. ಬೇಕಾದ ಜಾಗ ಹತ್ತು ಎಂ.ಬಿ. ಮಾತ್ರ, ಆದರೆ ವಿಂಡೋಸಿನ ಸಿ.ಡಿ. ಬೇಕು. ಅದು ಕೈಯಲ್ಲಿಲ್ಲದವರು ಸಿಕಂದರಾಬಾದಿನ ಪಾರ್ಕ್ ಲೇನಿಗೆ, ಸಿ.ಟಿ.ಸಿ.ಗೆ ಮತ್ತೊಂದು ಸಲ ಹೋಗಿ ಬರಬೇಕಾಗಿತ್ತು.

ಇಲ್ಲಿ ಒಂದು ಸೂಕ್ಷ್ಮವಿದೆ. ಈ ಗುರುತು ಹಾಕುವ ಅಧಿಕಾರ ಮನೆಯ ಯಜಮಾನನ ಖಾತೆಗೆ, ಅಂದರೆ 'ಅಡ್ಮಿನಿಸ್ಟ್ರೇಟರ್' ಖಾತೆಗೆ, ಮಾತ್ರ ಇತ್ತು. ಒಮ್ಮೆ ಹಾಕಿದರೆ ಎಲ್ಲರಿಗೂ ಫಲ. ಆದರೆ ಕೀಲಿಮಣೆ ಹಾಗಲ್ಲ. ಅದನ್ನು ಪ್ರತಿಯೊಬ್ಬರೂ ತಮ್ಮ ತಮ್ಮ ಖಾತೆಯಲ್ಲಿ ಬೇರೆಬೇರೆಯಾಗಿ ಸೇರಿಸಿಕೊಳ್ಳಬೇಕು. ಎಂದರೆ ಕನ್ನಡ ಓದುವುದು ಮನೆಗೆಲ್ಲ ಒಂದೇ, ಬರೆಯುವುದು ಅವರವರ ಖಾತೆಗೆ ಸೇರಿದ್ದು.

ನಮ್ಮ ಮನೆಯಲ್ಲಿ 2005ರಲ್ಲಿ ಇದು ಅನುಭವಕ್ಕೆ ಬಂದಿತು. ರಾಯಚೂರಿನಿಂದ ಕಾಕಾ ಅವರು ಅಜ್ಜಿ ಹೇಳಿದ್ದನ್ನು ಕನ್ನಡದಲ್ಲಿಯೇ ಮಿಂಚಂಚೆ ಬರೆದು ಕಳಿಸುತ್ತಿದ್ದರು. ಮೊದಲಿಗೆ ತೆರೆಯ ತುಂಬ ಬರೀ ಚೌಕಗಳು. ತಂದೆಯವರು ಸಿ.ಡಿ. ತಂದು ಹಾಕಿದ ಮೇಲೆ ಅಕ್ಷರ ಕಂಡವು. ಅವರು ತಮ್ಮ ಖಾತೆಗೂ ನಮ್ಮದಕ್ಕೂ ಕೀಲಿಮಣೆ ಸೇರಿಸಿದರು. ತಂಗಿಯ ಖಾತೆ ಮರೆತುಹೋಯಿತು. ಆಕೆ ಅಜ್ಜಿಯ ಕಾಗದ ಓದುತ್ತಿದ್ದಳು, ಉತ್ತರವನ್ನು ಮಾತ್ರ ಇಂಗ್ಲಿಷಿನಲ್ಲಿ ಬರೆಯುತ್ತಿದ್ದಳು. ಅಜ್ಜಿಗೆ ಇಂಗ್ಲಿಷ್ ಬಾರದು. ಕಾಕಾ ಅವರೇ ಓದಿ ತಿಳಿಸಬೇಕು. ಆಕೆಗೆ ಕನ್ನಡದಲ್ಲಿ ಬರೆಯುವ ಮನಸ್ಸಿಲ್ಲವೆಂದೇ ನಾವೆಲ್ಲ ತಿಳಿದೆವು. ಕೆಲವು ತಿಂಗಳಾದ ಮೇಲೆ ಒಂದು ಸಂಜೆ ಕೇಳಿದಳು: "ಅಣ್ಣಾ, ನಿಮ್ಮ ಖಾತೇದಾಗ ಕನ್ನಡ ಅದ, ನನ್ನದರಾಗ ಯಾಕಿಲ್ಲ?"

ಉತ್ತರ ಮೂರನೆಯ ಪುಟದಲ್ಲಿತ್ತು. 'ಅಡ್ವಾನ್ಸ್‌ಡ್' ಎಂಬ ಆ ಪುಟದ ಕೆಳಗೆ, ಈ ಏರ್ಪಾಟುಗಳನ್ನು ಈಗಿನ ಖಾತೆಗೂ 'ಡಿಫಾಲ್ಟ್ ಯೂಸರ್' ಎಂಬವನಿಗೂ ಅನ್ವಯಿಸಲೇ ಎಂದು ಕೇಳುವ ಇನ್ನೊಂದು ಚೌಕವಿತ್ತು. ಈ ಡಿಫಾಲ್ಟ್ ಯೂಸರ್ ಯಾವ ಮನುಷ್ಯನೂ ಅಲ್ಲ. ಹೊಸ ಖಾತೆಯಿಂದ ಯಾರಾದರೂ ಮೊದಲ ಸಲ ಒಳಹೋದಾಗ, ವಿಂಡೋಸ್ ಇವನ ಕಡತಕೋಶವನ್ನೇ ನಕಲು ಮಾಡಿ ಅವರಿಗೆ ಕೊಡುತ್ತದೆ. ಇವನಲ್ಲಿ ಕನ್ನಡವಿದ್ದರೆ ಮುಂದೆ ಬರುವವರಿಗೆಲ್ಲ ಕನ್ನಡ, ಇಲ್ಲದಿದ್ದರೆ ಇಲ್ಲ. ಬ್ಯಾಂಕಿನಲ್ಲಿ ದಿನವೂ ಖಾತೆ ತೆರೆಯುವ ನಮಗೆ ಇದು ಈಗ ಸಹಜವಾಗಿ ತೋರುತ್ತದೆ. ಅಚ್ಚಾದ ಅರ್ಜಿಯಲ್ಲಿ ಏನಿರುತ್ತದೆಯೋ ಅದೇ ಗಿರಾಕಿಗೆ ದೊರೆಯುವುದು. ಆದರೆ ಆಗಲೇ ಇದ್ದ ಖಾತೆಗಳಿಗೆ ಈ ಗುರುತಿನಿಂದ ಪ್ರಯೋಜನವಿಲ್ಲ. ತಂಗಿಯದನ್ನು ಕೈಯಾರೆ ಸರಿಮಾಡಬೇಕಾಯಿತು. ಕೀಲಿಮಣೆ ಇನ್‌ಸ್ಕ್ರಿಪ್ಟ್ ಮಾದರಿಯದು; ಅದರಲ್ಲಿ ತೆಲುಗಿನ 'ಕ' ಇರುವ ಕೀಲಿಯಲ್ಲಿಯೇ ಕನ್ನಡದ 'ಕ'. ಶಾಲೆಯಲ್ಲಿ ತೆಲುಗು ಕಲಿಯುತ್ತಿದ್ದ ಆಕೆಗೆ ಒಂದೇ ಅಭ್ಯಾಸದಿಂದ ಎರಡೂ ಕೈಗೆ ಬಂದವು. ಎಡಗಡೆಯ ಆಲ್ಟ್ ಮತ್ತು ಶಿಫ್ಟ್ ಒತ್ತಿದರೆ ಭಾಷೆ ಬದಲು.

ಆಮೇಲೆ ಖಾತೆಯ ಹೆಸರೂ ಕನ್ನಡದಲ್ಲಿಯೇ ಬೇಕೆಂದು ಹಟ ಹಿಡಿದಳು. ಹೊಸ ಖಾತೆಯನ್ನು ಮೊದಲಿಗೇ ಕನ್ನಡ ಹೆಸರಿನಿಂದ ತೆರೆದರೆ ಅದರ ಕಡತಕೋಶಕ್ಕೂ ಅದೇ ಹೆಸರು ಬರುತ್ತದೆ. ಹಳೆಯ ಕೆಲವು ತಂತ್ರಾಂಶಗಳು ಅದನ್ನು ಓದಲಾರದೆ ಪ್ರಶ್ನಾರ್ಥಕ ಚಿಹ್ನೆಗಳನ್ನು ತೋರಿಸಿ ನಿಂತುಬಿಡುತ್ತಿದ್ದವು. ಇಂಗ್ಲಿಷಿನಲ್ಲಿ ತೆರೆದು ಬಳಿಕ ಹೆಸರು ಬದಲಿಸಿದರೆ ಕಡತಕೋಶ ಹಳೆಯ ಹೆಸರಿನಲ್ಲಿಯೇ ಉಳಿಯುತ್ತದೆ, ತೊಂದರೆಯಿಲ್ಲ. ಗುಪ್ತಪದದಲ್ಲಿ ಮಾತ್ರ ಎಡವಿದೆವು. ಕೀಲಿಮಣೆ ಕನ್ನಡದಲ್ಲಿರುವುದನ್ನು ಗಮನಿಸದೆ ಗುಪ್ತಪದ ಬದಲಿಸಿದೆವು. ತೆರೆಯ ಮೇಲೆ ಬರೀ ಚುಕ್ಕೆಗಳಾದುದರಿಂದ ತಿಳಿಯಲಿಲ್ಲ. ಮರುದಿನ ಪ್ರವೇಶದ ತೆರೆಯಲ್ಲಿ ಇಂಗ್ಲಿಷ್ ಕೀಲಿಮಣೆ! ಎಷ್ಟು ಒತ್ತಿದರೂ ಬಾಗಿಲು ತೆರೆಯದು. ತಂದೆಯವರು ತಮ್ಮ ಖಾತೆಯಿಂದ ಅದನ್ನು ಅಳಿಸಿ, ಎರಡು ಮಾತು ಬೈದರು.

2007ರಲ್ಲಿ ಮಾರುಕಟ್ಟೆಗೆ ಬಂದ ವಿಸ್ಟಾದಿಂದೀಚೆಗೆ ಆ ಮೊದಲ ಚೌಕದ ಅಗತ್ಯ ಉಳಿಯಲಿಲ್ಲ. ಕನ್ನಡ ಅಕ್ಷರ ತಾನಾಗಿ ಕಾಣುತ್ತದೆ. ಎಕ್ಸ್‌ಪಿಗೆ ಮೈಕ್ರೋಸಾಫ್ಟಿನವರ ಬೆಂಬಲ 2014ರ ಏಪ್ರಿಲ್ 8ಕ್ಕೆ ನಿಂತಿತು. ಕೀಲಿಮಣೆಯನ್ನು ಮಾತ್ರ ಇಂದಿಗೂ ನಾವೇ ಆರಿಸಿಕೊಳ್ಳಬೇಕು.

ನಮ್ಮ ಹಳೆಯ ಯಂತ್ರ ಅಟ್ಟ ಸೇರಿ ವರ್ಷಗಳಾದವು. ಅಟ್ಟಕ್ಕೆ ಏರಿಸುವ ಮುನ್ನ ಒಮ್ಮೆ ಚಾಲೂ ಮಾಡಿ ನೋಡಿದೆವು. ಸ್ವಾಗತದ ತೆರೆಯಲ್ಲಿ ತಂಗಿಯ ಹೆಸರು ಕನ್ನಡದಲ್ಲಿಯೇ ಇತ್ತು. ಒಳಗೆ ಆಕೆ ಅಜ್ಜಿಗೆ ಬರೆದ ಮೊದಲ ಕಾಗದದ ಪ್ರತಿ ಇತ್ತು, ನಾಲ್ಕೇ ಸಾಲು, ಒತ್ತಕ್ಷರಗಳೆಲ್ಲ ತಪ್ಪು. ಅದನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಯಂತ್ರವನ್ನು ಆರಿಸಿದೆವು.