ಆಟದ ಯಂತ್ರ, ಪಾಠದ ಯಂತ್ರ

'ಗೇಮಿಂಗ್ ಲ್ಯಾಪ್‌ಟಾಪ್' ಎಂಬ ಜೋಡಿಪದದಲ್ಲಿ ತಾಯಂದಿರ ಕಿವಿಗೆ ಚುಚ್ಚುವುದು ಮೊದಲನೆಯ ಪದ. ಲ್ಯಾಪ್‌ಟಾಪ್ ಎಂದರೆ ಓದು, ಗೇಮಿಂಗ್ ಎಂದರೆ ಓದಿಗೆ ಕುತ್ತು ಎಂದು ನಾವು ತೀರ್ಮಾನಿಸಿಬಿಟ್ಟಿರುತ್ತೇವೆ. ಉಪ್ಪಿನ ಡಬ್ಬಿ, ಸಕ್ಕರೆ ಡಬ್ಬಿ ಬೇರೆ ಬೇರೆ ಇಟ್ಟ ಹಾಗೆ ಆಟವನ್ನೂ ಪಾಠವನ್ನೂ ಬೇರೆಯಾಗಿಡಬೇಕೆನ್ನುವುದು ನಮ್ಮ ಲೆಕ್ಕಾಚಾರ. ಕಂಪ್ಯೂಟರಿನ ಚರಿತ್ರೆಯನ್ನು ಸ್ವಲ್ಪ ಕೆದಕಿ ನೋಡಿದರೆ ಈ ಲೆಕ್ಕಾಚಾರ ಅಲ್ಲಿ ಎಂದೂ ನಡೆದೇ ಇಲ್ಲ!

ನಾನು ಅದನ್ನು ಕೆದಕಿ ನೋಡಲು ಒಂದು ಕಾರಣವಿತ್ತು. ರವೀಂದ್ರನಗರದ ನಮ್ಮ ಮನೆಯಲ್ಲಿ ನಾನು ಡಿ.ಟಿ.ಪಿ. ಕೆಲಸ ಮಾಡುತ್ತೇನೆ. ಲಗ್ನಪತ್ರಿಕೆ, ಗೃಹಪ್ರವೇಶದ ಕರೆಯೋಲೆ, ಶಾಲೆಯ ಸ್ಮರಣ ಸಂಚಿಕೆ, ಹೀಗೆ. ಮಗಳು ಪಿಯುಸಿ ಮುಗಿಸಿ ನವುಲೆಯ ಇಂಜಿನಿಯರಿಂಗ್ ಕಾಲೇಜಿಗೆ ಸೇರಿದಳು. ನನ್ನ ಹಳೆಯ ಕಂಪ್ಯೂಟರು ಏದುಸಿರು ಬಿಡುತ್ತಿತ್ತು. ಎರಡು ವರ್ಷ ಕಟ್ಟಿದ ಚೀಟಿಯ ಹಣ ಕೈಗೆ ಬಂದಿತ್ತು. ನನ್ನ ಕೆಲಸ, ಅವಳ ಓದು, ಅವಳ ಆಟ ಮೂರಕ್ಕೂ ಒಂದೇ ಯಂತ್ರ ಸಾಕಾಗಬೇಕು. ಇನ್ನೊಂದು ಕೊಳ್ಳುವ ಶಕ್ತಿ ಇಲ್ಲ. ಅವಳು ಕೇಳಿದ್ದು ಗೇಮಿಂಗ್ ಲ್ಯಾಪ್‌ಟಾಪ್. ಅಷ್ಟು ಹಣವನ್ನು ಆಟಕ್ಕೆ ಸುರಿಯುತ್ತಿದ್ದೇವೆಯೇ ಎಂಬ ಪ್ರಶ್ನೆಗೆ ಉತ್ತರ ನನಗೇ ಬೇಕಿತ್ತು.

1969ರಿಂದ ಶುರು ಮಾಡೋಣ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಎಂಬಾತ 'ಸ್ಪೇಸ್ ಟ್ರಾವೆಲ್' ಎಂಬ ಒಂದು ಆಟ ಬರೆದ. ಸೂರ್ಯಮಂಡಲದಲ್ಲಿ ಗಗನನೌಕೆ ನಡೆಸುವ ಆಟ. ದೊಡ್ಡ ಯಂತ್ರದಲ್ಲಿ ಒಂದು ಸಲ ಆಡಿದರೆ ಸುಮಾರು 75 ಡಾಲರ್ ಲೆಕ್ಕಕ್ಕೆ ಬೀಳುತ್ತಿತ್ತಂತೆ. ಹಾಗಾಗಿ ಯಾರೂ ಹೆಚ್ಚು ಬಳಸದೆ ಬಿದ್ದಿದ್ದ ಪಿಡಿಪಿ-7 ಎಂಬ ಸಣ್ಣ ಯಂತ್ರಕ್ಕೆ ಆಟವನ್ನು ಸಾಗಿಸಿದ. ಆ ನೆಪದಲ್ಲಿ ಆ ಯಂತ್ರದ ಒಳಹೊರಗೆಲ್ಲ ಅವನಿಗೆ ಪರಿಚಯವಾಯಿತು. ಅದೇ ಯಂತ್ರದ ಮೇಲೆ ಸಹೋದ್ಯೋಗಿಗಳ ಜೊತೆ ಸೇರಿ ಕಟ್ಟಿದ ವ್ಯವಸ್ಥೆಯೇ ಯೂನಿಕ್ಸ್. ನಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ಬುಡದಲ್ಲಿರುವ ಲಿನಕ್ಸ್ ಆ ಯೂನಿಕ್ಸ್‌ನ ಮಾದರಿಯಲ್ಲೇ ಬೆಳೆದದ್ದು.

ಮುಂದೆ 1977ರಲ್ಲಿ ಆ್ಯಪಲ್-2 ಬಂತು. ಸ್ಟೀವ್ ವೋಜ್ನಿಯಾಕ್ ಅದಕ್ಕೆ ಬಣ್ಣ, ಸದ್ದು, ಆಟದ ಹಿಡಿಕೆ ಎಲ್ಲ ಜೋಡಿಸಿದ್ದು ಚೆಂಡು ಬಡಿದು ಇಟ್ಟಿಗೆ ಉದುರಿಸುವ 'ಬ್ರೇಕೌಟ್' ಎಂಬ ಆಟ ತನ್ನ ಯಂತ್ರದಲ್ಲಿ ಆಡಲು ಬರಬೇಕೆಂದು. ಎರಡೇ ವರ್ಷದಲ್ಲಿ, 1979ರಲ್ಲಿ, ಅದೇ ಯಂತ್ರಕ್ಕೆ 'ವಿಸಿಕ್ಯಾಲ್ಕ್' ಬಂತು. ಇವತ್ತು ಎಕ್ಸೆಲ್ ಎನ್ನುತ್ತೇವಲ್ಲ, ಅದರ ಹಿರಿಯಜ್ಜಿ. ಆಟಕ್ಕೆಂದು ಹೊಂದಿಸಿದ ಯಂತ್ರವನ್ನು ವ್ಯಾಪಾರಿಗಳು ಲೆಕ್ಕಪತ್ರಕ್ಕೆಂದೇ ಕೊಳ್ಳತೊಡಗಿದರು.

ಅದರ ಮರುವರ್ಷದ ಸಂಗತಿ ನಮಗೆ ಇನ್ನೂ ಹತ್ತಿರದ್ದು. ಎರಡು ಮಕ್ಕಳ ತಾಯಿ ರಾಬರ್ಟಾ ವಿಲಿಯಮ್ಸ್ ಕ್ಯಾಲಿಫೋರ್ನಿಯಾದ ತನ್ನ ಅಡುಗೆಮನೆಯ ಮೇಜಿನ ಮೇಲೆ ಕುಳಿತು ಒಂದು ಆಟದ ಕಥೆ ಹೆಣೆದಳು, ಚಿತ್ರ ಬರೆದಳು. ಗಂಡ ಕೆನ್ ಅದನ್ನು ಆ್ಯಪಲ್-2ಕ್ಕೆ ಅಳವಡಿಸಿದ. 1980ರಲ್ಲಿ ಹೊರಬಂದ ಆ 'ಮಿಸ್ಟರಿ ಹೌಸ್' ಚಿತ್ರಗಳುಳ್ಳ ಮೊದಲ ಸಾಹಸ ಆಟ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮಾರಿದರು! ಗೃಹಿಣಿಯೊಬ್ಬಳ ಈ ಕೆಲಸದಿಂದ ದೊಡ್ಡದೊಂದು ಕಂಪನಿಯೇ ಬೆಳೆಯಿತು. ಕಂಪ್ಯೂಟರ್ ಆಟ ಗಂಡುಹುಡುಗರ ವಿಷಯ ಎನ್ನುವವರು ಈ ಮೇಜನ್ನು ಮರೆಯಬಾರದು.

ನಮ್ಮ ದೇಶದ ಕಥೆಗೆ ಬರೋಣ. 1984-85ರಲ್ಲಿ ಕೇಂದ್ರ ಸರ್ಕಾರ 'ಕ್ಲಾಸ್' ಎಂಬ ಹೆಸರಿನಲ್ಲಿ ಶಾಲೆಗಳಿಗೆ ಕಂಪ್ಯೂಟರ್ ಪಾಠ ತಂದಿತು. ಅದಕ್ಕೆ ಆರಿಸಿದ್ದು ಇಂಗ್ಲೆಂಡಿನ ಬಿಬಿಸಿ ಮೈಕ್ರೋ. ಬಿಬಿಸಿ ತನ್ನ ಜನರಿಗೆ ಕಂಪ್ಯೂಟರ್ ಕಲಿಸಲೆಂದೇ 1981ರಲ್ಲಿ ಹೊರತರಿಸಿದ ಯಂತ್ರ ಅದು. ನೆನಪಿನ ಶಕ್ತಿ ಬರೀ 32 ಕೆಬಿ. ಇವತ್ತು ವಾಟ್ಸಾಪಿನಲ್ಲಿ ಬರುವ ಒಂದು 'ಶುಭೋದಯ'ದ ಚಿತ್ರವೂ ಅದರಲ್ಲಿ ಹಿಡಿಸಲಿಕ್ಕಿಲ್ಲ. ಸ್ವಾರಸ್ಯವೇನೆಂದರೆ, ಆ 1984ರಲ್ಲೇ ಕೇಂಬ್ರಿಜ್‌ನ ಇಬ್ಬರು ವಿದ್ಯಾರ್ಥಿಗಳು, ಡೇವಿಡ್ ಬ್ರಾಬೆನ್ ಮತ್ತು ಇಯಾನ್ ಬೆಲ್, ಅದೇ ಪಾಠದ ಯಂತ್ರದೊಳಗೆ ಎಂಟು ನಕ್ಷತ್ರಪುಂಜ, ಒಂದೊಂದರಲ್ಲಿ 256 ಲೋಕ ತುಂಬಿಸಿ 'ಎಲೀಟ್' ಎಂಬ ಆಟ ಕಟ್ಟಿದರು. ಅಷ್ಟು ಸಣ್ಣ ಜಾಗದಲ್ಲಿ ಅಷ್ಟು ದೊಡ್ಡ ಜಗತ್ತನ್ನು ತುಂಬಿಸಬೇಕಾದರೆ ಗಣಿತ ಎಷ್ಟು ಕರಗತವಾಗಿರಬೇಕು! ಕಲಿಸಲು ಕೊಟ್ಟ ಯಂತ್ರದಲ್ಲಿ ಆಟ ಹುಟ್ಟಿತು. ಆಟದ ದೆಸೆಯಿಂದ ಕಲಿಕೆ ಆಳವಾಯಿತು.

ಹಾಗಿದ್ದರೆ ಆಟದ ಯಂತ್ರ ಹುಡುಗರದಾದದ್ದು ಹೇಗೆ? 1984ರಲ್ಲಿ ಅಮೆರಿಕದಲ್ಲಿ ಕಂಪ್ಯೂಟರ್ ವಿಜ್ಞಾನದ ಪದವಿ ಪಡೆದವರಲ್ಲಿ ನೂರಕ್ಕೆ ಸುಮಾರು 37 ಮಂದಿ ಹೆಂಗಸರು. ಅಲ್ಲಿಂದ ಇಳಿಯುತ್ತ ಇಳಿಯುತ್ತ 2010ರ ಹೊತ್ತಿಗೆ 18ಕ್ಕೆ ಬಂದು ನಿಂತಿತು. ಕಾರಣ ಹಲವು. ಮನೆಗೆ ಬಂದ ಸಣ್ಣ ಕಂಪ್ಯೂಟರುಗಳ ಜಾಹೀರಾತುಗಳಲ್ಲಿ ಹೆಚ್ಚಾಗಿ ಹುಡುಗರೇ ಇದ್ದರು, ಆಟದ ಸಾಮಾನಿನ ಅಂಗಡಿಗಳೂ ಅದನ್ನು ಹುಡುಗರ ಸಾಲಿನಲ್ಲೇ ಇಟ್ಟವು ಎನ್ನುವುದು ಒಂದು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ಮಾತಾಡಿಸಿ ಜೇನ್ ಮಾರ್ಗೋಲಿಸ್ ಮತ್ತು ಅಲನ್ ಫಿಶರ್ 2002ರಲ್ಲಿ ಪುಸ್ತಕವೊಂದನ್ನು ಪ್ರಕಟಿಸಿದರು. ಅದರಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಸಂಗತಿ ಇದು: ಎಷ್ಟೋ ಮನೆಗಳಲ್ಲಿ ಕಂಪ್ಯೂಟರ್ ಇಟ್ಟದ್ದು ಮಗನ ಕೋಣೆಯಲ್ಲಿ. ಅಕ್ಕತಂಗಿಯರು ಕೇಳಿಕೊಂಡು ಮುಟ್ಟಬೇಕು. ಕಾಲೇಜಿಗೆ ಬರುವಷ್ಟರಲ್ಲಿ ಹುಡುಗ ಅದನ್ನು ಬಿಚ್ಚಿ ಜೋಡಿಸಿ ಪಳಗಿರುತ್ತಿದ್ದ, ಹುಡುಗಿ ತನಗೆ ಬುದ್ಧಿ ಕಡಿಮೆಯೇನೋ ಎಂದುಕೊಳ್ಳುತ್ತಿದ್ದಳು. ಬುದ್ಧಿಯಲ್ಲ, ಕಡಿಮೆಯಾದದ್ದು ಬಳಕೆ. ಇದನ್ನು ಅರಿತು ಪ್ರವೇಶದ ಕ್ರಮವನ್ನೂ ಪಾಠದ ಕ್ರಮವನ್ನೂ ಬದಲಿಸಿದ ಮೇಲೆ ಅದೇ ವಿಭಾಗಕ್ಕೆ ಸೇರುವ ಹುಡುಗಿಯರ ಪ್ರಮಾಣ 1995ರ 7ರಿಂದ 2000ದ ಹೊತ್ತಿಗೆ ನೂರಕ್ಕೆ 42 ಆಯಿತು.

ಅದು ಅಮೆರಿಕದ ಮಾತು, ನಮ್ಮಲ್ಲಿ ಕಂಪ್ಯೂಟರ್ ತರಗತಿಯ ತುಂಬ ಹೆಣ್ಣುಮಕ್ಕಳೇ ಎನ್ನಬಹುದು. ನಿಜ. ತರಗತಿಯಲ್ಲಿದ್ದಾರೆ. ಮನೆಯಲ್ಲಿ? ಲ್ಯಾಪ್‌ಟಾಪಿನ ವಿಚಾರ ತಿಳಿದ ನನ್ನ ಅತ್ತಿಗೆ, "ಅಲ್ಲ ಕಣೇ, ಹೆಣ್ಣುಹುಡುಗಿಗೆ ಆಟದ್ದು ಯಾಕೆ? ಸಾದಾದ್ದೊಂದು ಕೊಡಿಸು, ಉಳಿದ ದುಡ್ಡಿಗೆ ಒಂದು ಜೊತೆ ಓಲೆ ಮಾಡಿಸಿಡು" ಎಂದರು. ಪ್ರೀತಿಯಿಂದಲೇ ಹೇಳಿದ ಮಾತು. ಎರಡು ವರ್ಷದ ಹಿಂದೆ ಅವರ ಮಗನಿಗೆ ಅಂಥದ್ದೇ ಕೊಡಿಸಿದಾಗ ಯಾರೂ ಓಲೆಯ ಲೆಕ್ಕ ತೆಗೆದಿರಲಿಲ್ಲ. ಅದು ಅವನ ಕೋಣೆಯಲ್ಲಿದೆ. ಬೀಗದ ಪದ ಅವನೊಬ್ಬನಿಗೇ ಗೊತ್ತು. ಒಂಬತ್ತನೇ ತರಗತಿಯ ಅವನ ತಂಗಿ ಶಾಲೆಯ ಪ್ರಾಜೆಕ್ಟ್ ಕೆಲಸವನ್ನು ಅಮ್ಮನ ಫೋನಿನಲ್ಲೇ ಕಣ್ಣು ಕಿರಿದು ಮಾಡಿಕೊಂಡು ಮುಗಿಸುತ್ತಾಳೆ.

ಹಂಚಿಕೊಂಡು ಬಳಸುವ ಯಂತ್ರವನ್ನು ಯೋಚಿಸಿದವರು ನಮ್ಮವರೇ ಇದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್ ಮೊದಲಾದ ಪ್ರಾಧ್ಯಾಪಕರು ಎನ್‌ಕೋರ್ ಕಂಪನಿಯವರ ಜೊತೆ ಸೇರಿ ರೂಪಿಸಿದ 'ಸಿಂಪ್ಯೂಟರ್' 2001ರಲ್ಲಿ ಸುದ್ದಿಯಾಯಿತು. ಬೆಲೆ ಒಂಬತ್ತು ಸಾವಿರ ರೂಪಾಯಿಯೊಳಗೆ ಇರಬೇಕು, ಓದು ಬಾರದವರಿಗೂ ತಮ್ಮ ಭಾಷೆಯಲ್ಲಿ ಓದಿ ಹೇಳಬೇಕು ಎಂಬುದು ಆಸೆ. ಅದರಲ್ಲಿ ಸ್ಮಾರ್ಟ್ ಕಾರ್ಡ್ ತೂರಿಸಲು ಒಂದು ಸೀಳು ಇತ್ತು. ಊರಿಗೊಂದೇ ಯಂತ್ರ, ಆದರೆ ಒಬ್ಬೊಬ್ಬರಿಗೂ ಅವರವರದೇ ಕಾರ್ಡು, ಅವರವರದೇ ಗುಟ್ಟು. 2004ರಲ್ಲಿ ಬಿ.ಇ.ಎಲ್. ಸಹಯೋಗದಲ್ಲಿ ಮಾರುಕಟ್ಟೆಗೆ ಬಂದ 'ಅಮಿದಾ' ಮಾದರಿಯಲ್ಲಂತೂ ಕೈಯಲ್ಲಿ ಹಿಡಿದು ಓರೆ ಮಾಡಿದರೆ ಯಂತ್ರಕ್ಕೆ ತಿಳಿಯುತ್ತಿತ್ತು. ಬಡವರ ಕಂಪ್ಯೂಟರಿನಲ್ಲೂ ಆಟಕ್ಕೆ ಜಾಗ ಬಿಟ್ಟಿದ್ದರು ನೋಡಿ! ಐಫೋನ್ ಬರಲು ಇನ್ನೂ ಮೂರು ವರ್ಷವಿತ್ತು. ಸಿಂಪ್ಯೂಟರ್ ನೆನೆಸಿದಷ್ಟು ಮಾರಾಟವಾಗದೆ ಮರೆಗೆ ಸರಿಯಿತು. ಒಂದು ಯಂತ್ರಕ್ಕೆ ಹಲವರು ಒಡೆಯರು ಎಂಬ ಅದರ ವಿಚಾರ ಮಾತ್ರ ನಮ್ಮಂಥ ಮನೆಗಳಿಗೆ ಇಂದಿಗೂ ಸಲ್ಲುತ್ತದೆ.

ಇನ್ನು ಗೇಮಿಂಗ್ ಲ್ಯಾಪ್‌ಟಾಪನ್ನು ದುಬಾರಿ ಮಾಡುವ ಆ ಗ್ರಾಫಿಕ್ಸ್ ಕಾರ್ಡು. ಆಟದ ಚಿತ್ರದಲ್ಲಿ ಲಕ್ಷಗಟ್ಟಲೆ ಚುಕ್ಕಿಗಳಿಗೆ ಒಂದೇ ಸಲಕ್ಕೆ ಬಣ್ಣ ಹಚ್ಚಬೇಕು. ಅದಕ್ಕೆ ಒಬ್ಬ ಮಹಾಪಂಡಿತನಿಗಿಂತ ಸಾವಿರ ಜನ ಸಾಮಾನ್ಯ ಕೆಲಸಗಾರರು ಒಟ್ಟಿಗೆ ದುಡಿದರೆ ಅನುಕೂಲ. ಮದುವೆಮನೆಯಲ್ಲಿ ಒಬ್ಬ ಬಾಣಸಿಗ ಮೇಲೋಗರ ನೋಡಿಕೊಂಡರೆ ಹೋಳಿಗೆ ತಟ್ಟಲು ಹತ್ತು ಕೈ ಬೇಕಾದ ಹಾಗೆ. ಎನ್‌ವಿಡಿಯಾ ಕಂಪನಿ 1999ರಲ್ಲಿ 'ಜಿಪಿಯು' ಎಂಬ ಹೆಸರನ್ನು ಹರಡಿದ್ದು ಆಟಗಾರರಿಗೆ ಮಾರಲೆಂದೇ. 2007ರಲ್ಲಿ ಅದೇ ಕಾರ್ಡಿನಿಂದ ವಿಜ್ಞಾನದ ಲೆಕ್ಕಗಳನ್ನೂ ಮಾಡಿಸುವ 'ಕೂಡಾ' ಎಂಬ ಸಲಕರಣೆ ಹೊರಬಂತು. ಆಮೇಲೆ ಬಂತು 2012. ಟೊರಾಂಟೋ ವಿಶ್ವವಿದ್ಯಾಲಯದ ಅಲೆಕ್ಸ್ ಕ್ರಿಜೆವ್‌ಸ್ಕಿ, ಇಲ್ಯಾ ಸುಟ್ಸ್‌ಕೆವರ್ ಮತ್ತು ಗುರು ಜೆಫ್ರಿ ಹಿಂಟನ್ ಚಿತ್ರಗಳನ್ನು ಗುರುತಿಸಲು ಯಂತ್ರಕ್ಕೆ ಕಲಿಸಿದರು. ಬಳಸಿದ್ದು ಅಂಗಡಿಯಲ್ಲಿ ಸಿಗುವ ಎರಡು ಆಟದ ಕಾರ್ಡು, ಒಂದೊಂದಕ್ಕೆ 3 ಜಿಬಿ ನೆನಪು. ಐದಾರು ದಿನ ಬಿಡದೆ ಓಡಿಸಿ ಸುಮಾರು ಹನ್ನೆರಡು ಲಕ್ಷ ಚಿತ್ರಗಳಿಂದ ಪಾಠ ಮಾಡಿಸಿದರು. ಆ ಚಿತ್ರಭಂಡಾರವನ್ನು ಕಟ್ಟಿದ ತಂಡದ ನಾಯಕಿ ಫೇ-ಫೇ ಲೀ ಎಂಬ ಹೆಣ್ಣುಮಗಳು. ಇವತ್ತು ಊರೆಲ್ಲ ಮಾತಾಡುವ ಕೃತಕ ಬುದ್ಧಿಮತ್ತೆಯ ಈ ಅಲೆ ಎದ್ದದ್ದು ಅಲ್ಲಿಂದಲೇ. ಹಿಂಟನ್‌ರಿಗೆ 2024ರಲ್ಲಿ ನೊಬೆಲ್ ಕೂಡ ಬಂತು.

ನನ್ನ ಮಗಳ ಪಠ್ಯದಲ್ಲಿ ಇದೇ ವಿದ್ಯೆ ಇದೆ. ಅವಳಿಗೆ ಕಲಿಯಲು ಬೇಕಾದದ್ದೂ, ಸಂಜೆ ಆಡಲು ಬೇಕಾದದ್ದೂ ಆ ಒಂದೇ ಕಾರ್ಡು! ಅದಿಲ್ಲದೆಯೂ ಕಲಿಯಬಹುದು, ಕಾಲೇಜಿನ ಲ್ಯಾಬಿದೆ, ಇಂಟರ್ನೆಟ್ಟಿನಲ್ಲಿ ಬಾಡಿಗೆಗೂ ಬಿಟ್ಟಿಯಾಗಿಯೂ ಸಿಗುತ್ತದೆ. ಆದರೆ ಮನೆಯಲ್ಲೇ ಇದ್ದರೆ ರಾತ್ರಿ ಹನ್ನೊಂದಕ್ಕೆ ತಲೆಗೆ ಹೊಳೆದದ್ದನ್ನು ಆಗಲೇ ಮಾಡಿ ನೋಡಬಹುದು. ನನ್ನ ಕನ್ನಡದ ಕೆಲಸಕ್ಕೆ ಇಷ್ಟೆಲ್ಲ ಬೇಡ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ, ನುಡಿ ತಂತ್ರಾಂಶ, ಯೂನಿಕೋಡ್ ಅಕ್ಷರ ಇದ್ದರೆ ಸಾಕು. ವಿಂಡೋಸ್ ಎಕ್ಸ್‌ಪಿಯ ಜೊತೆ 2001ರಲ್ಲಿ ಬಂದ ಕನ್ನಡ ಅಕ್ಷರಕ್ಕೆ 'ತುಂಗಾ' ಎಂದು ಹೆಸರು. ನಮ್ಮ ಹೊಳೆಯ ಹೆಸರಿನ ಅಕ್ಷರದಲ್ಲಿ ಎಷ್ಟು ಲಗ್ನಪತ್ರಿಕೆ ಮಾಡಿದ್ದೇನೋ!

ದುರ್ಗಿಗುಡಿ, ನೆಹರೂ ರಸ್ತೆಗಳ ಅಂಗಡಿಗಳಿಗೆ ಹೋಗುವ ಮೊದಲು ತಾಯಿಮಗಳು ಒಂದು ಚೀಟಿ ಬರೆದುಕೊಂಡೆವು. ನಿಮಗೂ ಉಪಯೋಗವಾಗಬಹುದು. ನೆನಪು 16 ಜಿಬಿ ಇರಲಿ. 8 ಇದ್ದರೆ ಮುಂದೆ ಸೇರಿಸಲು ಖಾಲಿ ಜಾಗ ಇದೆಯೇ ಕೇಳಿ. ದಾಸ್ತಾನಿಗೆ 512 ಜಿಬಿ ಎಸ್‌ಎಸ್‌ಡಿ. ಗ್ರಾಫಿಕ್ಸ್ ಕಾರ್ಡಿಗೆ ಅದರದೇ ನೆನಪು ಬೇರೆ ಇರುತ್ತದೆ. ಕಲಿಕೆಗೆ ಅದೇ ಮುಖ್ಯ, 4ಕ್ಕಿಂತ 6 ಜಿಬಿ ಲೇಸು. ಒಂದೇ ಹೆಸರಿನ ಕಾರ್ಡಿಗೆ ಒಂದು ಲ್ಯಾಪ್‌ಟಾಪಿನಲ್ಲಿ ಹೆಚ್ಚು ವ್ಯಾಟ್, ಇನ್ನೊಂದರಲ್ಲಿ ಕಡಿಮೆ ಕೊಟ್ಟಿರುತ್ತಾರೆ, ಕೆಲಸವೂ ಅಷ್ಟಕ್ಕಷ್ಟೇ. ಇದನ್ನು ಅಂಗಡಿಯವರು ತಾವಾಗಿ ಹೇಳುವುದು ಅಪರೂಪ, ಕೇಳಬೇಕು. ಪರದೆ ಬೇಗ ಬೇಗ ಚಿತ್ರ ಬದಲಿಸಿದರೆ ಆಟಕ್ಕೆ ಚೆನ್ನ. ಬಣ್ಣ ಪೇಲವವಾಗಿದ್ದರೆ ನನ್ನಂಥವರ ಕುಂಕುಮದ ಬಣ್ಣ ಅಚ್ಚಿನಲ್ಲಿ ಬೇರೆಯೇ ಬರುತ್ತದೆ. ತೂಕ ಎರಡು ಕಿಲೋ ದಾಟುತ್ತದೆ, ಚಾರ್ಜರು ಬೇರೆ. ದಿನವೂ ಬಸ್ಸಿನಲ್ಲಿ ಹೊರುವ ಹೆಗಲನ್ನು ಕೇಳಿ ನೋಡಿ. ಬ್ಯಾಟರಿ ಆಟದ ಹೊತ್ತಿನಲ್ಲಿ ಬೇಗ ಬರಿದಾಗುತ್ತದೆ. ಶರಾವತಿಯ ವಿದ್ಯುತ್ ನಾಡಿಗೆಲ್ಲ ಹರಿದರೂ ನಮ್ಮ ಮಳೆಗಾಲದಲ್ಲಿ ಕರೆಂಟು ಹೋಗುವುದು ತಪ್ಪಿಲ್ಲವಲ್ಲ! ಕೊನೆಯದಾಗಿ, ಕೆಟ್ಟರೆ ಊರಿನಲ್ಲೇ ರಿಪೇರಿಯೋ, ಬೆಂಗಳೂರಿಗೆ ಕಳಿಸಬೇಕೋ ಎಂದು ಕೇಳಿಕೊಳ್ಳಿ.

ಚೀಟಿಯ ಹಣಕ್ಕೆ ಸ್ವಲ್ಪ ಕೂಡಿಸಿ, ಆ ವರ್ಗದಲ್ಲಿ ಕೆಳಗಿನ ಬೆಲೆಯದನ್ನೇ ತಂದೆವು. ಇಬ್ಬರಿಗೂ ಬೇರೆ ಬೇರೆ ಬೀಗದ ಪದ. ಸಿಂಪ್ಯೂಟರಿನ ಕಾರ್ಡಿನ ಹಾಗೆ. ಬೆಳಿಗ್ಗೆ ಅವಳು ಕಾಲೇಜಿಗೆ ಒಯ್ಯದ ದಿನ ನನ್ನದು, ರಾತ್ರಿ ಅವಳದು.

ಓಲೆಯ ಬೆಲೆ ಏರುತ್ತದೆ, ಲ್ಯಾಪ್‌ಟಾಪಿನ ಬೆಲೆ ಅಂಗಡಿ ದಾಟಿದ ಕೂಡಲೇ ಇಳಿಯುತ್ತದೆ. ಒಪ್ಪಿದೆ. ಅದಕ್ಕೇ, ಕೊಳ್ಳುವಾಗ ಎಷ್ಟು ಜಿಬಿ ಎಂದು ಕೇಳಿದಷ್ಟೇ ಗಟ್ಟಿಯಾಗಿ ಮನೆಯಲ್ಲಿ ಇನ್ನೊಂದು ಪ್ರಶ್ನೆ ಕೇಳಿ: ಇದನ್ನು ಎಲ್ಲಿಡುತ್ತೇವೆ, ಯಾರು ಯಾರು ಮುಟ್ಟಬಹುದು? ನಡುಮನೆಯ ಮೇಜಿನ ಮೇಲಿಡಿ. ಮಗಳು ಮೊದಲು ಆಡಲು ಕೂತರೆ ಕೂರಲಿ ಬಿಡಿ. ಯಂತ್ರದ ಹೆದರಿಕೆ ಹೋಗುವುದು ಹಾಗೆಯೇ.