ಎಡಕ್ಕೆ ಅಂದರೆ ಬಲಕ್ಕೆ!

ಸಕಲೇಶಪುರ, ಆಲೂರು ಕಡೆ ಪವರ್ ಟಿಲ್ಲರ್ ಓಡಿಸುವವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತು. ಸಮತಟ್ಟಾದ ಗದ್ದೆಯಲ್ಲಿ ಎಡಗೈಯ ಕ್ಲಚ್ ಹಿಡಿದರೆ ಟಿಲ್ಲರ್ ಎಡಕ್ಕೆ ತಿರುಗುತ್ತದೆ. ಅದೇ ಟಿಲ್ಲರಿಗೆ ಟ್ರೇಲರ್ ಸಿಕ್ಕಿಸಿ, ಗೊಬ್ಬರದ ಮೂಟೆ ಹೇರಿಕೊಂಡು ಇಳಿಜಾರಿನಲ್ಲಿ ಇಳಿಯುವಾಗ ಅದೇ ಎಡಗೈಯ ಕ್ಲಚ್ ಹಿಡಿದರೆ ಗಾಡಿ ಬಲಕ್ಕೆ ಎಳೆಯುತ್ತದೆ!

ಇದರಲ್ಲಿ ಮಾಯ ಮಂತ್ರ ಏನೂ ಇಲ್ಲ. ಆ ಕ್ಲಚ್ ಮಾಡುವ ಕೆಲಸ ಒಂದೇ, ಎಡ ಚಕ್ರಕ್ಕೂ ಇಂಜಿನ್ನಿಗೂ ಇರುವ ಸಂಬಂಧ ತಪ್ಪಿಸುವುದು. ಗದ್ದೆಯಲ್ಲಿ ಇಂಜಿನ್ ಚಕ್ರವನ್ನು ತಳ್ಳುತ್ತಿರುತ್ತದೆ. ಸಂಬಂಧ ತಪ್ಪಿದ ಚಕ್ರ ಹಿಂದೆ ಉಳಿಯುತ್ತದೆ, ಬಲ ಚಕ್ರ ಮುಂದೆ ಹೋಗುತ್ತದೆ. ಇಳಿಜಾರಿನಲ್ಲಿ ಹಿಂದಿನ ಭಾರವೇ ಗಾಡಿಯನ್ನು ತಳ್ಳುತ್ತಿರುತ್ತದೆ, ಇಂಜಿನ್ ಅದನ್ನು ತಡೆದು ಹಿಡಿದಿರುತ್ತದೆ. ಆಗ ಸಂಬಂಧ ತಪ್ಪಿದ ಚಕ್ರಕ್ಕೆ ತಡೆಯೇ ಇಲ್ಲದೆ ಅದು ಓಡಿಬಿಡುತ್ತದೆ. ಹೊಸಬ ಗಾಬರಿಯಲ್ಲಿ ಇನ್ನೂ ಗಟ್ಟಿಯಾಗಿ ಹಿಡಿಯುತ್ತಾನೆ, ಗಾಡಿ ಇನ್ನೂ ಬಲಕ್ಕೆ ಹೋಗುತ್ತದೆ. ಪಕ್ಕದಲ್ಲಿ ಹಳ್ಳ ಇದ್ದರೆ ಮುಗಿಯಿತು ಕಥೆ.

ಬೆಂಗಳೂರಿನ ವಿಎಸ್‌ಟಿ ಟಿಲ್ಲರ್ಸ್ ಕಂಪನಿ ಜಪಾನಿನ ಮಿತ್ಸುಬಿಷಿ ತಂತ್ರಜ್ಞಾನದೊಂದಿಗೆ 1967ರಲ್ಲಿ ಶುರುವಾಯಿತು. ಸಮತಟ್ಟಾದ ಭತ್ತದ ಗದ್ದೆಗೆ ಹೇಳಿ ಮಾಡಿಸಿದಂಥ ಈ ಯಂತ್ರ ನಮ್ಮ ಮಲೆನಾಡಿನ ಏರು ತಗ್ಗಿಗೆ ಬಂದಾಗ ಈ ಪಾಠವನ್ನೂ ಜೊತೆಗೇ ತಂದಿತು.

ಈಗ ಇದನ್ನೆಲ್ಲ ಬರೆಯಲು ಕಾರಣ ನನ್ನ ಅಕ್ಕನ ಮಗನ ಒಂದು ರಿಮೋಟ್ ಲಾರಿ. ಅಂಗಡಿಯಲ್ಲಿ ಸಿಗುವ ಮಾಮೂಲಿ ಆಟಿಕೆ ಅಲ್ಲ, ಬಿಡಿಭಾಗ ಬದಲಾಯಿಸಬಹುದಾದ ಹವ್ಯಾಸಿಗಳ ಲಾರಿ. ಸ್ಟೇರಿಂಗಿನ ಸರ್ವೋದ ಹಲ್ಲು ಮುರಿದಿತ್ತು, ಬೇರೆ ಕಂಪನಿಯ ಸರ್ವೋ ಹಾಕಿದ್ದ. "ಮಾವ, ಎಡಕ್ಕೆ ತಿರುಗಿಸಿದ್ರೆ ಬಲಕ್ಕೆ ಹೋಗುತ್ತೆ. ಸರ್ವೋ ಕೆಟ್ಟಿದೆಯಾ?" ಅಂತ ಕೇಳಿದ. "ಕೆಟ್ಟಿಲ್ಲ ಕಣೋ, ಅದರ ಲೆಕ್ಕದಲ್ಲಿ ಅದು ಸರಿಯಾಗೇ ಇದೆ" ಅಂದೆ. ಅವನಿಗೆ ಸಮಾಧಾನ ಆಗಲಿಲ್ಲ. ಆಗ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಸರ್ವೋ ಅಂದರೆ ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿ. ಒಳಗೆ ಒಂದು ಪುಟ್ಟ ಮೋಟರ್, ನಾಲ್ಕೈದು ಗೇರು, ಒಂದು ಸರ್ಕ್ಯೂಟು, ಮತ್ತು ರೇಡಿಯೋದ ವಾಲ್ಯೂಮ್ ತಿರುಪಿನಂಥ ಒಂದು ಪೊಟೆನ್ಶಿಯೋಮೀಟರ್. ಸೆಕೆಂಡಿಗೆ ಸುಮಾರು 50 ಸಲ ಅದಕ್ಕೆ ಒಂದು ವಿದ್ಯುತ್ ಮಿಡಿತ ಬರುತ್ತದೆ. ಮಿಡಿತ 1.5 ಮಿಲಿಸೆಕೆಂಡ್ ಇದ್ದರೆ ನಡುವೆ ನಿಲ್ಲು, 1ರ ಕಡೆ ಇಳಿದರೆ ಒಂದು ಪಕ್ಕ, 2ರ ಕಡೆ ಏರಿದರೆ ಇನ್ನೊಂದು ಪಕ್ಕ. ಯಾವ ಪಕ್ಕ? ಅದನ್ನು ಕಂಪನಿಯವರು ನಿರ್ಧರಿಸುತ್ತಾರೆ. ಎಡ ಬಲ ಅನ್ನುವುದು ಮಿಡಿತದಲ್ಲಿ ಇಲ್ಲವೇ ಇಲ್ಲ, ಅದು ನಾವು ಮಾಡಿಕೊಂಡ ಒಪ್ಪಂದ. ಕಂಪನಿ ಬದಲಾದಾಗ ಒಪ್ಪಂದವೂ ಬದಲಾಗಿರಬಹುದು.

ಸರಿಪಡಿಸುವ ದಾರಿ ಹಲವು. ಈಗಿನ ಟ್ರಾನ್ಸ್‌ಮಿಟರುಗಳಲ್ಲಿ ಸಾಮಾನ್ಯವಾಗಿ ರಿವರ್ಸ್ ಸ್ವಿಚ್ ಇರುತ್ತದೆ. ಅದನ್ನು ಒತ್ತಿದರೆ 1.2 ಹೋಗಬೇಕಾದ ಕಡೆ 1.8 ಹೋಗುತ್ತದೆ, ಅಷ್ಟೇ. ಸ್ವಿಚ್ ಇಲ್ಲವೇ? ಸರ್ವೋದ ತೋಳಿನ ಒಂದು ತುದಿಗೆ ಸಿಕ್ಕಿಸಿದ ಕಡ್ಡಿಯನ್ನು ಇನ್ನೊಂದು ತುದಿಗೆ ಸಿಕ್ಕಿಸಿ. ಅಥವಾ ಜಾಗ ಇದ್ದರೆ ಸರ್ವೋವನ್ನೇ ತಲೆಕೆಳಗಾಗಿ ಕೂರಿಸಿ.

ರಿವರ್ಸ್ ಸ್ವಿಚ್ ಬರುವ ಮುಂಚಿನ ಕಾಲದಲ್ಲಿ ಇನ್ನೊಂದು ದಾರಿ ಇತ್ತು, ಸರ್ವೋ ಬಿಚ್ಚಿ ವೈರು ಅದಲು ಬದಲು ಮಾಡುವುದು. ಇಲ್ಲೇ ಇರುವುದು ನಿಜವಾದ ಸ್ವಾರಸ್ಯ. ಮೋಟರಿನ ಎರಡು ವೈರು ಮಾತ್ರ ಬದಲಿಸಿದರೆ ದಿಕ್ಕು ಬದಲಾಗುವುದಿಲ್ಲ, ಸರ್ವೋಗೆ ಹುಚ್ಚು ಹಿಡಿಯುತ್ತದೆ! ಯಾಕೆಂದರೆ "ನಾನು ಎಲ್ಲಿದ್ದೇನೆ" ಅಂತ ಹೇಳುವುದು ಆ ಪೊಟೆನ್ಶಿಯೋಮೀಟರ್. ತೋಳು ಸ್ವಲ್ಪ ಎಡಕ್ಕೆ ಹೆಚ್ಚಾಗಿದೆ ಅಂತ ಅದು ಹೇಳಿದಾಗ ಮೋಟರ್ ಬಲಕ್ಕೆ ತಿರುಗಬೇಕು. ವೈರು ಬದಲಾಗಿದ್ದರಿಂದ ಇನ್ನೂ ಎಡಕ್ಕೆ ತಿರುಗುತ್ತದೆ. ತಪ್ಪು ದೊಡ್ಡದಾಗುತ್ತದೆ, ಇನ್ನೂ ಜೋರಾಗಿ ತಿರುಗುತ್ತದೆ. ಕೊನೆಗೆ ತುದಿಗೆ ಹೋಗಿ ಕಚ್ಚಿಕೊಂಡು ಬಿಸಿಯಾಗುತ್ತದೆ. ಪೊಟೆನ್ಶಿಯೋಮೀಟರಿನ ಹೊರಗಿನ ಎರಡು ವೈರುಗಳನ್ನೂ ಬದಲಿಸಿದರೆ ಮಾತ್ರ ಎಲ್ಲ ಸರಿ. ಶಾಲೆಯಲ್ಲಿ ಕಲಿತ ಮೈನಸ್ ಇಂಟು ಮೈನಸ್ ಪ್ಲಸ್, ಇಲ್ಲಿ ಕಣ್ಣಿಗೆ ಕಾಣುತ್ತದೆ.

ಈ ತಲೆನೋವು ಲಾರಿಗಿಂತ ಹಳೆಯದು. ಹಿಂದಿನ ಕಾಲದ ದೋಣಿಗಳಲ್ಲಿ ಚುಕ್ಕಾಣಿಯ ಹಿಡಿಯನ್ನು ಬಲಕ್ಕೆ ತಳ್ಳಿದರೆ ದೋಣಿ ಎಡಕ್ಕೆ ತಿರುಗುತ್ತಿತ್ತು. ಹಾಗಾಗಿ "ಬಲಕ್ಕೆ" ಅನ್ನುವ ಆಜ್ಞೆಯ ಅರ್ಥ ಹಿಡಿ ಬಲಕ್ಕೆ, ಅಂದರೆ ದೋಣಿ ಎಡಕ್ಕೆ. ಆಮೇಲೆ ಹಡಗುಗಳಿಗೆ ಚಕ್ರ ಬಂತು, ಆದರೆ ಆಜ್ಞೆ ಮಾತ್ರ ಹಳೆಯದೇ ಉಳಿಯಿತು. 1912ರ ಏಪ್ರಿಲ್ 14ರ ರಾತ್ರಿ ಟೈಟಾನಿಕ್ ಹಡಗಿನಲ್ಲಿ ಮಂಜುಗಡ್ಡೆ ಕಂಡಾಗ ಕೊಟ್ಟ ಆಜ್ಞೆ ಸ್ಟಾರ್‌ಬೋರ್ಡಿಗೆ, ಅಂದರೆ ಬಲಕ್ಕೆ. ಹಡಗು ತಿರುಗಿದ್ದು ಎಡಕ್ಕೆ, ತಿರುಗಬೇಕಾದ್ದೂ ಎಡಕ್ಕೇ. ಬ್ರಿಟಿಷ್ ಹಡಗುಗಳಲ್ಲಿ ಈ ಉಲ್ಟಾ ಭಾಷೆ ನಿಂತಿದ್ದು 1933ರಲ್ಲಿ.

ಸರ್ವೋ ಅನ್ನುವ ಹೆಸರೂ ಹಡಗಿನಿಂದಲೇ ಬಂದದ್ದು. ಉಗಿ ಹಡಗುಗಳ ಚುಕ್ಕಾಣಿ ಮನುಷ್ಯರ ತೋಳಿಗೆ ಬಗ್ಗದಷ್ಟು ಭಾರವಾದಾಗ ಅದನ್ನು ಉಗಿ ಯಂತ್ರದಿಂದಲೇ ತಿರುಗಿಸತೊಡಗಿದರು. ಫ್ರಾನ್ಸಿನ ಜೋಸೆಫ್ ಫಾರ್ಕೋ ಅಂಥ ಯಂತ್ರಕ್ಕೆ ಸರ್ವೋ ಮೋಟರ್ ಅಂತ ಹೆಸರಿಟ್ಟು 1873ರಲ್ಲಿ ಒಂದು ಪುಸ್ತಕವನ್ನೇ ಬರೆದ. ಲ್ಯಾಟಿನ್ನಿನಲ್ಲಿ ಸರ್ವಸ್ ಅಂದರೆ ಆಳು. ಹೇಳಿದ್ದನ್ನು ಮಾಡುವುದಷ್ಟೇ ಅದಕ್ಕೆ ಗೊತ್ತು. 1898ರಲ್ಲಿ ನಿಕೊಲಾ ಟೆಸ್ಲಾ ನ್ಯೂಯಾರ್ಕಿನಲ್ಲಿ ಪುಟ್ಟ ದೋಣಿಯೊಂದನ್ನು ವೈರಿಲ್ಲದೆ, ರೇಡಿಯೋ ಅಲೆಗಳಿಂದ ನಡೆಸಿ ತೋರಿಸಿದ. ನಮ್ಮ ಹುಡುಗನ ಲಾರಿಯ ಮುತ್ತಜ್ಜ ಅದೇ.

ಅದೇ ವಂಶದ ಬಹಳ ದೊಡ್ಡ ಕುಡಿ ನಮ್ಮ ಜಿಲ್ಲೆಯಲ್ಲೇ ಇದೆ. ಹಾಸನದ ಸಾಲಗಾಮೆ ರಸ್ತೆಯಲ್ಲಿ ದೊಡ್ಡ ದೊಡ್ಡ ತಟ್ಟೆಯ ಆಂಟೆನಾಗಳನ್ನು ನೋಡಿರುತ್ತೀರಿ. ಅದು ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ, 1982ರಲ್ಲಿ ಶುರುವಾದದ್ದು. ಸುಮಾರು 36,000 ಕಿಲೋಮೀಟರ್ ಮೇಲಿರುವ ಉಪಗ್ರಹಗಳನ್ನು ಅಲ್ಲಿಂದ ರೇಡಿಯೋ ಮೂಲಕ ನಡೆಸುತ್ತಾರೆ. ಆಜ್ಞೆ ಹೋಗಿ ಉತ್ತರ ಬರಲು ಹೆಚ್ಚು ಕಡಿಮೆ ಕಾಲು ಸೆಕೆಂಡು ಬೇಕು.

ಹಾಸನದವರು ನಡೆಸಿದ ಮೊದಲ ಗಾಡಿ ಇನ್ಸಾಟ್-1ಎ. ಅಮೆರಿಕದ ಫೋರ್ಡ್ ಏರೋಸ್ಪೇಸ್ ಕಟ್ಟಿದ ಈ ಉಪಗ್ರಹ 1982ರ ಏಪ್ರಿಲ್ 10ರಂದು ಮೇಲೆ ಹೋಯಿತು. ಹೋದಾಗಿನಿಂದಲೂ ತೊಂದರೆ. ಒಂದು ಆಂಟೆನಾ ಬಿಚ್ಚಿಕೊಳ್ಳದೆ ಹಟ ಹಿಡಿದು ಕೊನೆಗೆ ಬಿಚ್ಚಿಕೊಂಡಿತು. ಒಂದು ಪಕ್ಕದ ಸೌರಫಲಕದ ಮೇಲೆ ಬೀಳುವ ಬಿಸಿಲಿನ ಒತ್ತಡವನ್ನು ಇನ್ನೊಂದು ಪಕ್ಕದಿಂದ ಸರಿದೂಗಿಸಬೇಕಿದ್ದ ಸೌರ ಹಾಯಿ ಬಿಚ್ಚಿಕೊಳ್ಳಲೇ ಇಲ್ಲ. ಹಾಗಾಗಿ ನೇರ ನಿಲ್ಲುವುದಕ್ಕೇ ಇಂಧನ ಹೆಚ್ಚು ಬೇಕಾಯಿತು.

ಸರ್ವೋದಲ್ಲಿ ಪೊಟೆನ್ಶಿಯೋಮೀಟರ್ ಮಾಡುವ ಕೆಲಸವನ್ನು ಉಪಗ್ರಹದಲ್ಲಿ ಭೂಮಿಯನ್ನು ನೋಡುವ ಸೆನ್ಸರ್ ಮಾಡುತ್ತದೆ. ಭೂಮಿ ಯಾವ ಕಡೆ ಇದೆ, ನಾನು ಎಷ್ಟು ವಾಲಿದ್ದೇನೆ ಅಂತ ಹೇಳುವುದು ಅದೇ. 1982ರ ಸೆಪ್ಟೆಂಬರ್ ಮೊದಲ ವಾರ ಆ ಸೆನ್ಸರಿನ ನೋಟಕ್ಕೆ ಚಂದ್ರ ಅಡ್ಡ ಬಂದ. ಉಪಗ್ರಹಕ್ಕೆ ಭೂಮಿಯ ಗುರುತು ತಪ್ಪಿತು, ದಿಕ್ಕು ಸರಿಪಡಿಸುವ ಇಂಧನ ಮುಗಿದುಹೋಯಿತು. ಸೆಪ್ಟೆಂಬರ್ 6ರಂದು ಕೈಬಿಟ್ಟರು. ಏಳು ವರ್ಷ ಬಾಳಬೇಕಿದ್ದದ್ದು ಐದು ತಿಂಗಳಿಗೇ ಮುಗಿಯಿತು. ಎರಡೂವರೆ ತಿಂಗಳಲ್ಲಿ ದೆಹಲಿಯಲ್ಲಿ ಏಷ್ಯಾಡ್ ಇತ್ತು. ಹೊಸ ಕೇಂದ್ರದಲ್ಲಿ ಕೂತಿದ್ದವರಿಗೆ ಹೇಗಾಗಿರಬೇಡ!

ಆದರೆ ಆ ಐದು ತಿಂಗಳಲ್ಲಿ ಕಲಿತದ್ದು ವ್ಯರ್ಥವಾಗಲಿಲ್ಲ ಅನ್ನಿಸುತ್ತದೆ ನನಗೆ. 1983ರ ಆಗಸ್ಟ್ 30ರಂದು ಚಾಲೆಂಜರ್ ನೌಕೆಯಲ್ಲಿ ಹೋದ ಇನ್ಸಾಟ್-1ಬಿ ಕೂಡ ಮೊದಲು ಸೌರಫಲಕ ಬಿಚ್ಚಿಕೊಳ್ಳಲು ಸತಾಯಿಸಿತು. ಆದರೂ ಅದನ್ನು ಸರಿದಾರಿಗೆ ತಂದರು. ಎಂಬತ್ತರ ದಶಕದಲ್ಲಿ ನಮ್ಮ ಊರುಗಳ ಮಾಡಿನ ಮೇಲೆ ಟಿವಿ ಆಂಟೆನಾ ಏಳತೊಡಗಿದ್ದರ ಹಿಂದೆ ಅದರ ಪಾಲು ದೊಡ್ಡದು.

ಇಷ್ಟೆಲ್ಲ ಮುಂದುವರಿದ ಮೇಲೆ ಎಡ ಬಲದ ಗೊಂದಲ ಯಾರಿಗಿರುತ್ತದೆ ಅಂತೀರಾ? 2020ರ ನವೆಂಬರ್‌ನಲ್ಲಿ ಯೂರೋಪಿನ ವೇಗಾ ರಾಕೆಟ್ ಹಾರಿದ ಎಂಟೇ ನಿಮಿಷಕ್ಕೆ ದಾರಿ ತಪ್ಪಿತು. ಕೊನೆಯ ಹಂತದ ಇಂಜಿನ್ನಿನ ಮೂತಿ ತಿರುಗಿಸುವ ಎರಡು ಆಕ್ಚುಯೇಟರುಗಳ ಕೇಬಲ್ ಅದಲು ಬದಲಾಗಿತ್ತು. ಒಂದಕ್ಕೆ ಹೋಗಬೇಕಾದ ಆಜ್ಞೆ ಇನ್ನೊಂದಕ್ಕೆ ಹೋಗುತ್ತಿತ್ತು. ಸ್ಪೇನಿನ ಒಂದು, ಫ್ರಾನ್ಸಿನ ಒಂದು ಉಪಗ್ರಹ ಹಾಳಾದವು. ಯಂತ್ರ ಒಂದೂ ಕೆಟ್ಟಿರಲಿಲ್ಲ, ಎಲ್ಲವೂ ಹೇಳಿದ ಹಾಗೇ ಕೇಳಿದ್ದವು!

ಆದ್ದರಿಂದ ಲಾರಿಯೇ ಇರಲಿ ರಾಕೆಟ್ಟೇ ಇರಲಿ, ಪರೀಕ್ಷೆ ಒಂದೇ. ಆಜ್ಞೆ ಕೊಟ್ಟು, ಕೊನೆಯಲ್ಲಿ ತಿರುಗುವ ವಸ್ತು ಯಾವ ಕಡೆ ತಿರುಗಿತು ಅಂತ ಕಣ್ಣಾರೆ ನೋಡಬೇಕು. ಲಾರಿಯಾದರೆ ಅದರ ಹಿಂದೆ ನಿಂತು ನೋಡಿ. ನಿಮ್ಮ ಕಡೆ ಮುಖ ಮಾಡಿ ಬರುವ ಲಾರಿಯ ಎಡ ನಿಮಗೆ ಬಲವಾಗಿ ಕಾಣುತ್ತದೆ. ಅದಕ್ಕೆ ಮಾತ್ರ ಯಾವ ರಿವರ್ಸ್ ಸ್ವಿಚ್ಚೂ ಇಲ್ಲ, ಅಭ್ಯಾಸವೊಂದೇ ಮದ್ದು.