ಎಂಟು ಡಾಲರು

‘ದುಡ್ಡೇ ದೊಡ್ಡಪ್ಪ’ ಎಂದು ನಾವೆಲ್ಲ ಹೇಳುತ್ತೇವೆ. ಆದರೆ ಈ ದೊಡ್ಡಪ್ಪನ ದೊಡ್ಡಸ್ತಿಕೆ ದೇಶದ ಗಡಿಯವರೆಗೆ ಮಾತ್ರ. ಕಡಲು ದಾಟಿದ ಮೇಲೆ ನಮ್ಮ ನೋಟನ್ನು ಅಂಗಡಿಯವನು ಹಿಂದೆಮುಂದೆ ತಿರುಗಿಸಿ ನೋಡಿ ಮರಳಿ ಕೈಗಿಡುತ್ತಾನೆ. ನಮ್ಮ ಯರಗುಪ್ಪಿಯಂಥ ಎರೆಭೂಮಿಯ ಊರುಗಳಲ್ಲಿ ಹತ್ತಿ, ಮೆಣಸಿನಕಾಯಿ ಮಾರಿದ ರೊಕ್ಕದಿಂದ ಓದಿದ ಮಕ್ಕಳು ಹೊರದೇಶ ಸೇರಿದರು. ಅವರ ಹಿಂದೆಯೇ ತಾಯಂದಿರು ಬಾಣಂತನಕ್ಕೆಂದು ವಿಮಾನ ಹತ್ತಿದರು. ಆ ತಾಯಂದಿರ ಕೈಯಲ್ಲಿ ಎಷ್ಟು ರೊಕ್ಕವಿತ್ತು, ಅದು ಯಾರದಾಗಿತ್ತು ಎಂಬುದಕ್ಕೂ ಒಂದು ಇತಿಹಾಸವಿದೆ.

ನಮ್ಮ ರೂಪಾಯಿ ಹೊರನಾಡಿನಲ್ಲಿ ನಡೆಯುತ್ತಿದ್ದ ಕಾಲವೂ ಒಂದಿತ್ತು ಎಂದರೆ ನಿಮಗೆ ಆಶ್ಚರ್ಯವಾದೀತು. ಕುವೈತ್, ಬಹರೇನ್, ಕತಾರ್‌ಗಳ ಸಂತೆಯಲ್ಲಿ ಭಾರತದ ನೋಟೇ ಓಡಾಡುತ್ತಿತ್ತು. ಆದರೆ ಆ ದಾರಿಯಲ್ಲೇ ಕಳ್ಳಬಂಗಾರ ಒಳಗೆ ಬರತೊಡಗಿ, ಅದರ ಬೆಲೆಯಾಗಿ ಹೊರಗೆ ಹೋದ ರೂಪಾಯಿಗೆ ನಮ್ಮ ಸರಕಾರ ಪೌಂಡಿನಲ್ಲಿ ಲೆಕ್ಕ ತೀರಿಸಬೇಕಾಯಿತು. ಆದ್ದರಿಂದ 1959ರಲ್ಲಿ ರಿಸರ್ವ್ ಬ್ಯಾಂಕು ಕೊಲ್ಲಿ ದೇಶಗಳಿಗೆಂದೇ ಬೇರೆ ಬಣ್ಣದ ನೋಟು ಅಚ್ಚು ಹಾಕಿಸಿತು. ಹಜ್ ಯಾತ್ರಿಕರಿಗಾಗಿ 10 ಮತ್ತು 100 ರೂಪಾಯಿಯ ಬೇರೆ ನೋಟುಗಳೂ ಬಂದವು. ಮುಂಬಯಿಯಲ್ಲಿ ಹಡಗು ಹತ್ತುವ ಯಾತ್ರಿಕರು ಅವನ್ನು ಕೊಂಡು ಅರಬ್ಬೀ ನಾಡಿನಲ್ಲಿ ಮುರಿಸಿಕೊಳ್ಳುತ್ತಿದ್ದರು. ಅವು ಊರಿನ ಸಂತೆಯಲ್ಲಿ ನಡೆಯುತ್ತಿರಲಿಲ್ಲ. ಕುವೈತ್ 1961ರಲ್ಲಿ, ಬಹರೇನ್ 1965ರಲ್ಲಿ ತಮ್ಮದೇ ನಾಣ್ಯ ಮಾಡಿಕೊಂಡವು. 1966ರ ಜೂನ್ 6ರಂದು ರೂಪಾಯಿಯ ಬೆಲೆ ಇಳಿಸಿದ ಮೇಲೆ ಉಳಿದವರೂ ಒಬ್ಬೊಬ್ಬರಾಗಿ ನಮ್ಮ ನೋಟನ್ನು ಬಿಟ್ಟರು.

ಅಷ್ಟರೊಳಗೆ ದೇಶದ ಬೊಕ್ಕಸದಲ್ಲಿ ವಿದೇಶೀ ಹಣ ಬತ್ತಿತ್ತು. ಕಾರಖಾನೆಗಳಿಗೆ ಯಂತ್ರ ತರಿಸಿ, ಹಸಿದವರಿಗೆ ಗೋಧಿ ತರಿಸಿ 1957ರ ಹೊತ್ತಿಗೇ ಕೂಡಿಟ್ಟದ್ದು ಕರಗಿತ್ತು. ಹೊರದೇಶಕ್ಕೆ ಹೋಗುವವರು ರಿಸರ್ವ್ ಬ್ಯಾಂಕಿನ ‘ಪಿ’ ಫಾರ್ಮು ತುಂಬಿ, ಅಲ್ಲಿ ತಮ್ಮ ಖರ್ಚು ನೋಡಿಕೊಳ್ಳುವವರಿದ್ದಾರೆಂದು ತೋರಿಸಬೇಕಾಯಿತು. ಹೀಗೆ ಹೊರಟವರ ಕೈಗೆ ಸಿಗುತ್ತಿದ್ದುದು ಎಂಟು ಡಾಲರು. ಡಾಲರಿಗೆ ಏಳೂವರೆ ರೂಪಾಯಿಯಂತೆ ಹಿಡಿದರೆ ಅರವತ್ತು ರೂಪಾಯಿ! ಆ ಕಾಲದಲ್ಲಿ ಓದಲು ಹೋದ ಹುಡುಗರು ಈ ಎಂಟು ಡಾಲರಿನ ಕಥೆಯನ್ನು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ದುಡಿದು ಗಳಿಸುವ ದಾರಿ ಮುಂದೆ ಇದ್ದವರಿಗೆ ಅದು ಹೆಮ್ಮೆಯೇ. ಬಾಣಂತನಕ್ಕೆ ಹೋದ ತಾಯಿಗೆ ಆ ದಾರಿ ಎಲ್ಲಿತ್ತು?

ನನ್ನ ಸೋದರತ್ತೆಯೊಬ್ಬರು 1972ರಲ್ಲಿ ಹಾಗೆ ಅಮೆರಿಕಕ್ಕೆ ಹೋಗಿ ಆರು ತಿಂಗಳಿದ್ದು ಬಂದರು. ಎಂಟು ಡಾಲರನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿಕೊಂಡು ಹೋದವರು ಅದೇ ಗಂಟನ್ನು ಹಾಗೇ ಮರಳಿ ತಂದರು. ಎಂಥ ಮಿತವ್ಯಯ ಎಂದು ಮನೆಯವರೆಲ್ಲ ಹೊಗಳಿದರು. ನಾನು ದೊಡ್ಡವಳಾದ ಮೇಲೆ ಒಮ್ಮೆ ಕೇಳಿದಾಗ ಅತ್ತೆ ಹೇಳಿದ್ದು ಬೇರೆಯೇ: “ಮಿತವ್ಯಯ ಎಲ್ಲೀದವಾ! ಅದ ತೀರಿದ್ರ ಅಳಿಯನ ಮುಂದ ಕೈ ಚಾಚಬೇಕಾಗತಿತ್ತಲ್ಲ. ಹಲ್ಲುನೋವು ಬಂದ್ರೂ ಲವಂಗ ಇಟಗೊಂಡು ಕುಂತೆ.” ದೇಶದ ಬಡತನದ ಲೆಕ್ಕ ಸರಕಾರಿ ಕಡತಗಳಲ್ಲಿದೆ. ಈ ಲವಂಗದ ಲೆಕ್ಕ ಯಾವ ಕಡತದಲ್ಲೂ ಇಲ್ಲ.

1991ರಲ್ಲಿ ದೇಶವೇ ಸುಮಾರು 47 ಟನ್ ಬಂಗಾರವನ್ನು ಇಂಗ್ಲೆಂಡಿಗೆ ಸಾಗಿಸಿ ಒತ್ತೆಯಿಟ್ಟಿತು. ಬಂಗಾರ ಒತ್ತೆಯಿಡುವ ಸಂಕಟ ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿಂದ ಮುಂದೆ ಕಟ್ಟುಗಳು ಸಡಿಲಾದವು. ವಿದೇಶೀ ಹಣದ ಹಳೆಯ ಬಿಗಿ ಕಾನೂನು ಹೋಗಿ 2000ದ ಜೂನ್‌ನಿಂದ ಹೊಸದು ಜಾರಿಗೆ ಬಂತು. 2004ರಲ್ಲಿ ಒಬ್ಬರು ವರ್ಷಕ್ಕೆ 25,000 ಡಾಲರನ್ನು ಹೊರಗೆ ಕಳಿಸಬಹುದೆಂದಾಯಿತು. 2015ರಿಂದ ಈ ಮಿತಿ ಎರಡೂವರೆ ಲಕ್ಷ ಡಾಲರು.

ಈ ನಡುವೆ ಅನೇಕ ಹೆಂಗಸರ ಕೈಗೆ ಬಂದದ್ದು ಟ್ರಾವೆಲರ್ಸ್ ಚೆಕ್ಕು. ಅಮೆರಿಕನ್ ಎಕ್ಸ್‌ಪ್ರೆಸ್ ಕಂಪನಿ 1891ರಲ್ಲೇ ಹೊರತಂದದ್ದು ಅದು. ಕೊಳ್ಳುವಾಗ ಒಂದು ಸಹಿ, ಮುರಿಸುವಾಗ ಇನ್ನೊಂದು. ಎರಡೂ ಹೊಂದಿದರೆ ಮಾತ್ರ ಹಣ. ಕಳೆದುಹೋದರೆ ಬದಲಿ ಸಿಗುತ್ತಿತ್ತು. ಅಳಿಯನೂ ಮಗನೂ ಮುರಿಸಲಾಗದ, ತಮ್ಮ ಸಹಿಗೆ ಮಾತ್ರ ಬೆಲೆಯಿದ್ದ ಕಾಗದ ಅದು. ಈಗ ಆ ಜಾಗಕ್ಕೆ ಕಾರ್ಡು ಬಂದಿದೆ.

ಕಾರ್ಡಿಗೂ ತನ್ನದೇ ತಕರಾರುಗಳಿವೆ. 2020ರ ಮಾರ್ಚಿನಿಂದ ಹೊಸ ಕಾರ್ಡುಗಳು ಭಾರತದೊಳಗಿನ ಬಳಕೆಗೆ ಮಾತ್ರ ತೆರೆದಿರುತ್ತವೆ. ಹೊರದೇಶದ ಬಳಕೆಯನ್ನು ನಾವೇ ಕೇಳಿ ತೆರೆಸಿಕೊಳ್ಳಬೇಕು. ಇದು ಗೊತ್ತಿಲ್ಲದೆ ಎಷ್ಟೋ ಜನ ಪರದೇಶದ ಅಂಗಡಿಯಲ್ಲಿ ಕಕ್ಕಾಬಿಕ್ಕಿಯಾಗಿ ನಿಂತಿದ್ದಾರೆ. ಅಲ್ಲಿಯ ಯಂತ್ರ ‘ರೂಪಾಯಿಯಲ್ಲೋ, ಇಲ್ಲಿಯ ನಾಣ್ಯದಲ್ಲೋ’ ಎಂದು ಕೇಳಿದರೆ ಅಲ್ಲಿಯ ನಾಣ್ಯವನ್ನೇ ಒತ್ತುವುದು ಒಳ್ಳೆಯದು. ರೂಪಾಯಿ ಎಂದರೆ ಸಾಮಾನ್ಯವಾಗಿ ಹೆಚ್ಚಿನ ದರ ಬೀಳುತ್ತದೆ. ಕಾರ್ಡು ಕಳೆದರೆ ಮೊದಲು ಬ್ಯಾಂಕಿಗೆ ಫೋನು ಮಾಡಿ ಅದನ್ನು ನಿಲ್ಲಿಸಬೇಕು. ಆ ನಂಬರು ಫೋನಿನಲ್ಲಷ್ಟೇ ಅಲ್ಲ, ಕಾಗದದಲ್ಲೂ ಇರಲಿ. ತೀರ ಗತಿಗೆಟ್ಟರೆ ನಮ್ಮ ದೂತಾವಾಸವಿದೆ. ಸಂಕಟದಲ್ಲಿರುವ ಭಾರತೀಯರಿಗಾಗಿ 2009ರಿಂದ ಅಲ್ಲಿ ಒಂದು ಕಲ್ಯಾಣ ನಿಧಿಯೂ ಇದೆ.

ಇನ್ನುಳಿದದ್ದು ನಮ್ಮ ಆಯಿಯ ಚಂಚಿಯ ಬುದ್ಧಿ. ಹುಬ್ಬಳ್ಳಿ ಪ್ಯಾಟಿಗೆ ಹೋಗುವಾಗ ಆಕೆ ಒಂದು ಪದರಿನಲ್ಲಿ ಎಲೆಅಡಿಕೆ, ಇನ್ನೊಂದರಲ್ಲಿ ಚಿಲ್ಲರೆ, ಒಳಪದರಿನಲ್ಲಿ ನೋಟು ಇಡುತ್ತಿದ್ದಳು. “ಎಲ್ಲಾ ರೊಕ್ಕ ಒಂದ ಕಡೆ ಇಡಬಾರದವಾ” ಎನ್ನುತ್ತಿದ್ದಳು. ಮೊದಲ ದಿನದ ಖರ್ಚಿಗೆ ಆ ದೇಶದ ನಗದು, ಎರಡು ಬೇರೆ ಬೇರೆ ಕಡೆ ಎರಡು ಕಾರ್ಡು, ಇವೆರಡರಿಂದ ದೂರ ಪಾಸ್‌ಪೋರ್ಟಿನ ನಕಲು: ಇಂದಿನ ಪ್ರವಾಸಿಗೂ ಅದೇ ಚಂಚಿ ಸಾಕು.

ಸರಕಾರ ಎಂಟು ಡಾಲರಿನ ಕಟ್ಟನ್ನು ಎಂದೋ ಕಿತ್ತುಹಾಕಿದೆ. ಆದರೂ ಇಂದಿಗೂ ಎಷ್ಟೋ ತಾಯಂದಿರು “ಅಲ್ಲಿ ಮಕ್ಕಳಿದ್ದಾರಲ್ಲ, ನಮಗೆ ರೊಕ್ಕ ಯಾಕೆ” ಎಂದು ಬರಿಗೈಯಲ್ಲಿ ಹೊರಡುತ್ತಾರೆ. ಮಕ್ಕಳು ಕೊಡುವುದಿಲ್ಲವೆಂದಲ್ಲ, ಕೇಳುವುದು ಕಷ್ಟ. ಟಿಕೇಟಿನ ಜೊತೆಗೆ ನಿಮ್ಮ ಹೆಸರಿನದೇ ಒಂದು ಕಾರ್ಡು ಮಾಡಿಸಿಕೊಳ್ಳಿ, ಅದರಲ್ಲಿ ನಿಮ್ಮದೇ ಸ್ವಲ್ಪ ಹಣವಿರಲಿ, ಅದರ ಗುಪ್ತಸಂಖ್ಯೆ ನಿಮಗೇ ಗೊತ್ತಿರಲಿ. ಹಲ್ಲು ನೋವು ಯಾರನ್ನೂ ಕೇಳಿ ಬರುವುದಿಲ್ಲ.